ಕಾರಿನ ದೀಪಕ್ಕೆ ಕುಸುಬಿ ಎಣ್ಣೆ

ನಮ್ಮವರ ಹೆಸರು ಮಾರ್ತಾಂಡ. ಇಂಡಿ ಕಡೆಯವರು. ಮದುವೆಯಾದ ವರ್ಷವೇ ನನ್ನನ್ನು ಕರೆದುಕೊಂಡು ಪುಣೆಗೆ ಬಂದು ಫರಶಿ ಪಾಲಿಶಿನ ಕೆಲಸ ಹಿಡಿದರು. ಹೊಸ ಮನೆಗಳ ನೆಲಕ್ಕೆ ನೀರು ಬಿಟ್ಟುಕೊಂಡು ಕಲ್ಲಿನಿಂದ ತಿಕ್ಕುವ ಕೆಲಸ ಅದು. ಮೊದಲು ಒರಟು ಕಲ್ಲು, ಆಮೇಲೆ ನಯವಾದದ್ದು, ಕಡೆಗೆ ಅದಕ್ಕಿಂತ ನಯವಾದದ್ದು. ತಿಕ್ಕಿ ಮುಗಿದ ಮೇಲೆ ಕಣ್ಣು ಮುಚ್ಚಿ ನೆಲದ ಮೇಲೆ ಅಂಗೈ ಆಡಿಸಿ, ಎಲ್ಲಿ ಇನ್ನೂ ಉಳಿದಿದೆ ಎಂದು ಹೇಳುತ್ತಿದ್ದರು. ಗುತ್ತಿಗೆದಾರರು ಬೇರೆಯವರ ಕೆಲಸ ನೋಡಲಿಕ್ಕೂ ಇವರನ್ನೇ ಕರೆಯುತ್ತಿದ್ದರು. ಓದಿದವರಲ್ಲ, ಹೊಲ ಇದ್ದವರಲ್ಲ. ಅವರಿಗಿದ್ದ ಹೆಮ್ಮೆ ಆ ಅಂಗೈ ಒಂದೇ.

ಕಲ್ಲಿನ ಧೂಳು ಎದೆಗೆ ಬಂದಾಗ ಡಾಕ್ಟರು ಆ ಕೆಲಸ ಬಿಡು ಎಂದರು. ಡ್ರೈವಿಂಗ್ ಕಲಿತರು. ಹತ್ತು ವರ್ಷ ಒಬ್ಬ ಸೇಠನ ಕಪ್ಪು ಹಳದಿ ಟ್ಯಾಕ್ಸಿ ಓಡಿಸಿದರು. ಅದರ ದೀಪ ಗಾಜಿನದು, ಹಳೆಯ ಪೇಪರಿಗೆ ಬೂದಿ ಹಚ್ಚಿ ಒರೆಸಿದರೆ ಮುಖ ಕಾಣುತ್ತಿತ್ತು. ೨೦೦೧ರಲ್ಲಿ ಸ್ವಂತಕ್ಕೆ ಒಂದು ಬಿಳಿ ಡೀಸೆಲ್ ಕಾರು ಕೊಂಡರು. ಯಾರೋ ಮೂರು ವರ್ಷ ಬಳಸಿದ್ದು. ಚಾಕಣದ ಕಾರ್ಖಾನೆಗೆ ಬರುವ ಸಾಹೇಬರನ್ನು ಒಯ್ಯುವುದು, ತರುವುದು. ನಾವಿದ್ದದ್ದು ಭೋಸರಿಯ ಚಾಳಿನಲ್ಲಿ, ಕಾರು ಬಾಗಿಲೆದುರು ಬೇವಿನ ಗಿಡದ ಕೆಳಗೆ ನಿಲ್ಲುತ್ತಿತ್ತು. ಚಪ್ಪಲಿ ಹೊರಗೆ ಕಳಚಿ ಒಳಗೆ ಕೂರುತ್ತಿದ್ದರು.

ಆ ಕಾರಿನ ದೀಪದ ಮುಖ ಪ್ಲಾಸ್ಟಿಕಿನದು. ಬಿಸಿಲಿಗೆ ನಿಂತು ನಿಂತು ಹಳದಿಗಟ್ಟಿ ಮಜ್ಜಿಗೆ ಕುಡಿದಿಟ್ಟ ಲೋಟದ ಹಾಗಾಯಿತು. ೨೦೦೪ರ ಬೇಸಿಗೆಯಲ್ಲಿ ಕಾರನ್ನು ಆರ್‌ಟಿಒ ಕಚೇರಿಗೆ ವರ್ಷದ ಪಾಸಿಂಗಿಗೆ ಒಯ್ದಾಗ ಅಲ್ಲಿಯ ಸಾಹೇಬರು ದೀಪ ಹಚ್ಚಿಸಿ ನೋಡಿ, ಇದು ಬೆಳಕೇ ಅಲ್ಲ ಎಂದು ಹಿಂದೆ ಕಳಿಸಿದರು. ನಾಲ್ಕು ದಿನದ ಗಡುವು ಕೊಟ್ಟರು. ಪಾಸಾಗದಿದ್ದರೆ ಗಾಡಿ ರೋಡಿಗೆ ಇಳಿಯುವ ಹಾಗಿಲ್ಲ. ಹೊಸ ದೀಪ ತರುವ ಶಕ್ತಿ ನಮಗಿರಲಿಲ್ಲ.

“ತಿಕ್ಕಿದ್ರ ಬರ್ತದ,” ಎಂದರು ನಮ್ಮವರು. “ನೆಲ ಬಂದದ, ಇದು ಬರಂಗಿಲ್ಲೇನು?”

ಎರಡೂ ದೀಪ ಬಿಚ್ಚಿ ತಂದು ಬಚ್ಚಲ ಕಟ್ಟೆಯ ಮೇಲೆ ಇಟ್ಟುಕೊಂಡು ಕುಳಿತರು. ಹಾರ್ಡ್‌ವೇರ್ ಅಂಗಡಿಯಿಂದ ಪಾಲಿಶ್ ಪೇಪರ್ ತಂದಿದ್ದರು, ಮರಳು ಅಂಟಿಸಿದ ಕಾಗದ. ಒರಟು, ಆಮೇಲೆ ನಯ. ಅದಕ್ಕಿಂತ ನಯವಾದದ್ದು ಅಂಗಡಿಯಲ್ಲಿ ಇರಲಿಲ್ಲ. ನೀರು ಬಿಟ್ಟುಕೊಂಡು ಎರಡು ದಿನ ತಿಕ್ಕಿದರು. ಹಳದಿ ಬಣ್ಣವೆಲ್ಲ ಕೊಚ್ಚಿ ಹೋಯಿತು, ಆದರೆ ದೀಪ ಹಾಲಿನಷ್ಟು ಬೆಳ್ಳಗಾಯಿತು. ಮೊದಲು ಮಸುಕಾಗಿಯಾದರೂ ಒಳಗಿನ ಬಲ್ಬು ಕಾಣುತ್ತಿತ್ತು, ಈಗ ಅದೂ ಇಲ್ಲ. ಯಾರೋ ಹೇಳಿದರೆಂದು ಹಲ್ಲುಜ್ಜುವ ಪೇಸ್ಟ್ ಹಚ್ಚಿ ತಿಕ್ಕತೊಡಗಿದರು. ಮೂಲೆಯ ಉಡುಪಿ ಹೋಟೆಲಿನ ಸುಬ್ಬಯ್ಯ ನಿಂತು ನೋಡಿದ.

“ಏನು ಮಾರಾಯ್ರೆ, ಕಾರಿಗೆ ಹಲ್ಲುಜ್ಜಿಸ್ತಾ ಇದ್ದೀರಾ? ಆಮೇಲೆ ನಮ್ಮಲ್ಲಿಗೇ ಕಳಿಸಿ, ಇಡ್ಲಿ ತಿನ್ನಲಿಕ್ಕೆ.”

ನಮ್ಮವರು ನಗಲಿಲ್ಲ. ಬೆರಳುಗಳು ಸುಕ್ಕುಗಟ್ಟಿ ಉಗುರು ಸವೆದಿದ್ದವು. ಮೂರನೆಯ ದಿನ ಸಂಜೆ ಕಣ್ಣು ಮುಚ್ಚಿ ದೀಪದ ಮೇಲೆ ಅಂಗೈ ಆಡಿಸಿ, “ಎಲ್ಲಾ ಸಪಾಟ್ ಅದ. ಆದ್ರ ಕಾಣವಲ್ದು. ನನ್ನ ಕೈ ಹೋತು, ನಾಗಿ,” ಎಂದು ನನಗೆ ಹೇಳಿದರು. ಊಟ ಮಾಡದೆ ಮಲಗಿದರು.

ನಾನು ಸಣ್ಣವಳಿದ್ದಾಗ ತವರಿನಲ್ಲಿ ಕಾರಹುಣ್ಣಿಮೆಗೆ ಎತ್ತಿನ ಕೋಡು ಹೆರೆಯುತ್ತಿದ್ದರು. ಹೆರೆದ ಕೋಡು ಬೆಳ್ಳಗೆ ಬೂದಿ ಹತ್ತಿದಂತೆ ಇರುತ್ತಿತ್ತು. ಅದಕ್ಕೆ ಕುಸುಬಿ ಎಣ್ಣೆ ಹಚ್ಚುವುದು ಹುಡುಗಿಯರಾದ ನಮ್ಮ ಕೆಲಸ. ಅಂಗೈಯಲ್ಲಿ ಎಣ್ಣೆ ಹಾಕಿಕೊಂಡು ಎಳೆದರೆ ಸಾಕು, ಕೋಡು ಕನ್ನಡಿಯಂತಾಗುತ್ತಿತ್ತು. ಅಡುಗೆಮನೆಯ ಎಣ್ಣೆ ಡಬ್ಬಿಯನ್ನು ನೋಡಿದ್ದೀರಲ್ಲ, ಹೊರಗೆ ಸೋರಿದ ಕುಸುಬಿ ಎಣ್ಣೆ ಒಣಗಿ ವಾರ್ನಿಶ್ ಹೊಡೆದಂತೆ ಗಟ್ಟಿಯಾಗಿರುತ್ತದೆ, ಉಗುರಿಗೂ ಬರುವುದಿಲ್ಲ. ಅದೂ ನೆನಪಾಯಿತು.

ಬೆಳಗ್ಗೆ ಅವರು ಸ್ನಾನ ಮಾಡಿ ಲಿಂಗಪೂಜೆಗೆ ಕುಳಿತರು. ಪೂಜೆಗೆ ಕುಳಿತರೆ ಅರ್ಧ ಗಂಟೆ ಹಿಂದೆ ತಿರುಗಿ ನೋಡುವವರಲ್ಲ. ನಾನು ಕರಿದು ಉಳಿದ ಕುಸುಬಿ ಎಣ್ಣೆಯನ್ನು ಬಟ್ಟೆಗೆ ಅದ್ದಿ ಎರಡೂ ದೀಪಕ್ಕೆ ತೆಳ್ಳಗೆ ಎಳೆದೆ. ನನ್ನ ಕಣ್ಣೆದುರೇ ಹಾಲು ನೀರಾಯಿತು. ಒಳಗಿನ ಬಲ್ಬು, ಅದರ ಹಿಂದಿನ ಬೆಳ್ಳಿಬಣ್ಣ ಎಲ್ಲ ಕಂಡವು. ಬಿಸಿಲಿಗೆ ಇಟ್ಟೆ.

ಅವರು ಹೊರಗೆ ಬಂದು ನೋಡಿ ಬಾಗಿಲಲ್ಲೇ ನಿಂತರು. “ನಿನ್ನಿ ಹಚ್ಚಿದ ಪೇಸ್ಟ್ ಒಣಗಿದ ಮ್ಯಾಲ ಕೆಲಸ ಮಾಡ್ಯದ ನೋಡು,” ಎಂದರು. ತಮ್ಮ ಎರಡೂ ಕೈ ತಿರುವಿ ನೋಡಿಕೊಂಡರು.

ಆಗ ಹೇಳಬಹುದಿತ್ತು. ಹೇಳಲಿಲ್ಲ. ಮೂರು ದಿನದಿಂದ ಅವರ ಮುಖದಲ್ಲಿ ಇಲ್ಲದ್ದು ಬಂದಿತ್ತು, ಅದನ್ನು ಒಂದು ಚಮಚ ಎಣ್ಣೆಯ ಮಾತಿನಿಂದ ಕಿತ್ತುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಗಾಡಿ ಪಾಸಾಯಿತು. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಗೊತ್ತಾಯಿತು. ಒಬ್ಬೊಬ್ಬರೇ ತಮ್ಮ ದೀಪ ಬಿಚ್ಚಿ ತಂದುಕೊಟ್ಟರು. ಇವರು ರೊಕ್ಕ ಮುಟ್ಟಲಿಲ್ಲ. ಭಾನುವಾರ ದಿನವಿಡೀ ತಿಕ್ಕುವುದು, ಪೇಸ್ಟ್ ಹಚ್ಚುವುದು, ಹಾಗೇ ಇಟ್ಟು ಮಲಗುವುದು. ಸೋಮವಾರ ಪೂಜೆಯ ಹೊತ್ತಿಗೆ ನನ್ನ ಎಣ್ಣೆ. ಒಂದು ತಿಂಗಳಿಗೆ ನಮ್ಮ ಕಾರಿನ ದೀಪವೇ ಮತ್ತೆ ಹಳದಿಯಾಗಿ ಧೂಳು ಮೆತ್ತಿಕೊಂಡಿತು. “ಪ್ಲಾಸ್ಟಿಕಿನ ಜಾತಿನ ಹಂಗ,” ಎಂದು ಮತ್ತೆ ತಿಕ್ಕಿದರು. ನಾನು ಮತ್ತೆ ಹಚ್ಚಿದೆ. ಎಣ್ಣೆ ಹೆಚ್ಚು ದಿನ ತಾಳುವುದಿಲ್ಲ ಎಂದು ನನಗೆ ಅಷ್ಟರಲ್ಲಿ ಗೊತ್ತಾಗಿತ್ತು.

ಸ್ಟ್ಯಾಂಡಿನಲ್ಲಿ ಇವರಿಗೆ ಹತ್ತಿರದವನೆಂದರೆ ಶಿರೂರಿನ ಕೃಷ್ಣಾಜಿ. ಮರಾಠಿಯವನು. ವಾರದಲ್ಲಿ ಎರಡು ದಿನ ನಮ್ಮಲ್ಲೇ ಊಟ, ಹಾಗಾಗಿ ಮುರುಕು ಕನ್ನಡ ಬರುತ್ತಿತ್ತು. ನಾನು ಬಡಿದ ರೊಟ್ಟಿಯನ್ನು ಎತ್ತಿ ಹಿಡಿದು, “ಅಕ್ಕಾ, ಇದನ್ನ ಮಾರ್ತಾಂಡನ ಕೈಗೆ ಕೊಡಬ್ಯಾಡ್ರಿ, ತಿಕ್ಕಿ ತಿಕ್ಕಿ ಆಚೀಕಿನ ಓಣಿ ಕಾಣೂ ಹಂಗ ಮಾಡ್ತಾನ,” ಎನ್ನುತ್ತಿದ್ದ. ಗಣಪತಿ ಹಬ್ಬದ ಮುಂದೆ ಅವನ ದೀಪವನ್ನೂ ಇವರು ತಿಕ್ಕಿಕೊಟ್ಟರು. ಎಣ್ಣೆ ನಾನು ಹಚ್ಚಿದೆ.

ದೀಪಾವಳಿಯ ಪಾಡ್ಯಕ್ಕೆ ಅವನು ಹಬ್ಬದ ತಿಂಡಿ ತುಂಬಿದ ಫರಾಳದ ಡಬ್ಬಿ ತಂದ. ಆಗ ಬಾರಾಮತಿ ಕಡೆಯ ಒಬ್ಬ ಗಿರಾಕಿಗೆ ತಿಂಗಳ ಲೆಕ್ಕದಲ್ಲಿ ಗಾಡಿ ಹಚ್ಚಿದ್ದ. ಅಲ್ಲಿ ಕಬ್ಬು ಕಡಿಯುವ ಕಾಲ, ರಸ್ತೆಯೆಲ್ಲ ಧೂಳು. ಅವನ ಕಾರಿನ ದೀಪ ನೋಡಿದೆ. ಚಹಾ ಸೋಸಿದ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ಬೆರಳಿಗೆ ಅಂಟು ಹಿಡಿಯಿತು.

“ಕೃಷ್ಣಾಜಿ, ಇದು ಭಾಳ ಮಸಕಾಗ್ಯದಲ್ಲೋ,” ಎಂದೆ.

“ಧೂಳ ಅಕ್ಕಾ. ಸೀಜನ್ ಮುಗದ ಮ್ಯಾಲ ಬರ್ತೀನಿ, ನಿಮ್ಮ ಯಜಮಾನ್ರು ಮತ್ತೊಮ್ಮೆ ಜಾದೂ ಮಾಡ್ತಾರ.”

ನಮ್ಮವರು ಪಕ್ಕದಲ್ಲೇ ಚಕ್ಕುಲಿ ಕಡಿಯುತ್ತ ನಿಂತಿದ್ದರು, ಜಾದೂ ಎಂದದ್ದಕ್ಕೆ ಮೀಸೆಯಡಿ ನಗುತ್ತಿದ್ದರು. ಸೀಮೆಎಣ್ಣೆ ಬಟ್ಟೆ ತಂದು ಅಲ್ಲೇ ಒರೆಸಿ ತೆಗೆಯಬಹುದಿತ್ತು. ತೆಗೆದರೆ ಅಡಿಯಲ್ಲಿ ಬರೀ ಬಿಳುಪು ಕಾಣುತ್ತದೆ, ಅದು ಯಾಕೆ ಎಂದು ಹೇಳಬೇಕಾಗುತ್ತದೆ. ನಾನು ಡಬ್ಬಿ ತೊಳೆದು ಸಕ್ಕರೆ ಹಾಕಿ ತಿರುಗಿ ಕೊಟ್ಟೆ. ಬರಿದಾದ ಡಬ್ಬಿ ಕಳಿಸಬಾರದಲ್ಲ.

ಹನ್ನೆರಡು ದಿನಕ್ಕೆ ಸುದ್ದಿ ಬಂತು. ಬಾರಾಮತಿಯಿಂದ ಬರುವಾಗ, ಆಗಷ್ಟೇ ಕತ್ತಲಾಗಿತ್ತಂತೆ, ರಸ್ತೆ ಬದಿಗೆ ಕಬ್ಬಿನ ಟ್ರಾಲಿ ಕೆಟ್ಟು ನಿಂತಿತ್ತು. ಅದಕ್ಕೆ ಹಿಂದೆ ದೀಪವಿರಲಿಲ್ಲ. ಕೃಷ್ಣಾಜಿ ನೆಟ್ಟಗೆ ಹೋಗಿ ಅದರ ಹಿಂಬದಿಗೆ ಗುದ್ದಿದ್ದ. ಬ್ರೇಕ್ ಹಾಕಿದ ಗುರುತು ರಸ್ತೆಯ ಮೇಲೆ ಇರಲಿಲ್ಲವಂತೆ. ಅಲ್ಲೇ ಹೋದ. ಮನೆಯಲ್ಲಿ ಹೆಂಡತಿ ಮತ್ತು ಎಂಟು ವರ್ಷದ ಮಗಳು ಸ್ನೇಹಲ್ ಉಳಿದರು.

ನಮ್ಮವರು ಪೊಲೀಸ್ ಠಾಣೆಯ ಅಂಗಳದಲ್ಲಿ ಆ ಕಾರು ನೋಡಿ ಬಂದರು. ಎಡಗಡೆಯ ದೀಪ ಒಡೆದಿರಲಿಲ್ಲ. ಅದರ ಮೇಲೆ ಬೆರಳು ಎಳೆದು ನೋಡಿದರಂತೆ. ಮನೆಗೆ ಬಂದು ಆ ಬೆರಳು ನನಗೆ ತೋರಿಸಿದರು. ತುದಿಯಲ್ಲಿ ಕಂದು ಅಂಟು.

“ನಾ ತಿಕ್ಕಬಾರದಿತ್ತು,” ಎಂದರು. “ಮ್ಯಾಲಿನ ತೊಗಲು ತಗದಬಿಟ್ಟೆ. ಒಳಗಿಂದ ಬೆವರಿ ಬೆವರಿ ಹಿಂಗ ಅಂಟಾಗ್ಯದ. ಅಂವಗ ಏನೂ ಕಂಡಿಲ್ಲ.”

ಅದು ನನ್ನ ಅಡುಗೆಮನೆಯ ಎಣ್ಣೆ. ನಾನು ಅವರ ಬೆರಳನ್ನು ಸೆರಗಿನಿಂದ ಒರೆಸಿದೆ.

ಆಮೇಲೆ ಅವರು ಯಾರ ದೀಪವನ್ನೂ ಮುಟ್ಟಲಿಲ್ಲ. ಮೂರು ತಿಂಗಳಿಗೆ ಕಾರು ಮಾರಿದರು. ಡಾಕ್ಟರು ಬೇಡವೆಂದ ಫರಶಿ ಕೆಲಸಕ್ಕೇ, ಐವತ್ತೆರಡರ ವಯಸ್ಸಿನಲ್ಲಿ, ತಿರುಗಿ ಹೋದರು. ಕೃಷ್ಣಾಜಿಯ ಕಾರು ಗುಜರಿಗೆ ಹೋದಾಗ ಉಳಿದಿದ್ದ ಆ ಎಡಗಡೆಯ ದೀಪವನ್ನು ಕೇಳಿ ತಂದು ನಮ್ಮ ಕಪಾಟಿನ ಮೇಲೆ ಇಟ್ಟರು. ಪ್ರತಿ ತಿಂಗಳ ಮೊದಲ ಭಾನುವಾರ ಶಿರೂರಿಗೆ, ಕೃಷ್ಣಾಜಿಯ ಮನೆಗೆ, ಹೋಗಿ ಬರುತ್ತಿದ್ದರು, ಐದು ವರ್ಷ, ಒಂದು ತಿಂಗಳೂ ತಪ್ಪಿಸದೆ. ಹುಡುಗಿಗೆ ಬರೆಯಲು ವಹಿ, ಓದಲು ಪುಸ್ತಕ, ಒಮ್ಮೊಮ್ಮೆ ಜೋಳದ ಚೀಲ. ಅಲ್ಲಿ ಏನು ಮಾತಾಡುತ್ತೀರಿ ಎಂದು ಕೇಳಿದರೆ, “ಏನಿಲ್ಲ. ಕೂತು ಬರ್ತೀನಿ,” ಎನ್ನುತ್ತಿದ್ದರು. ಹಿಂದಿರುಗಿದವರು ಚಪ್ಪಲಿ ಬಿಡುವ ಮೊದಲೇ ತಂಬಿಗೆ ಎತ್ತಿ ಗಟಗಟ ನೀರು ಕುಡಿಯುತ್ತಿದ್ದರು. ಬಸ್ಸಿನ ಸೆಕೆ ಎಂದುಕೊಂಡಿದ್ದೆ.

೨೦೦೯ರ ಚಳಿಗಾಲಕ್ಕೆ ಅವರ ಎದೆ ಪೂರ್ತಿ ಕೆಟ್ಟಿತು. ಹಾಸಿಗೆ ಹಿಡಿದರು. ತಿಂಗಳ ಮೊದಲ ಭಾನುವಾರ ಬಂದಾಗ ಏಳಲು ನೋಡಿದರು, ಆಗಲಿಲ್ಲ. “ಕೃಷ್ಣಾಜಿ ಹೆಂಡ್ತಿ ದಾರಿ ನೋಡ್ತಾಳ,” ಎಂದರು. “ಸಾಯೂದ್ರಾಗ ಒಮ್ಮಿ ಆಕಿ ಬಾಯಿಂದ ಒಂದು ಮಾತು ಕೇಳಬೇಕಿತ್ತು ನಾಗಿ.” ಆ ಬುಧವಾರ ಮಧ್ಯಾಹ್ನ ಗಂಜಿ ಕುಡಿಸುತ್ತ ಇದ್ದೆ. ಚಮಚ ಕೆಳಗಿಟ್ಟು ಎಲ್ಲ ಹೇಳಿದೆ.

ಅವರು ಗಂಜಿಯ ಬಟ್ಟಲನ್ನು ಬದಿಗೆ ಸರಿಸಿದರು. ಆಮೇಲೆ, “ಕಪಾಟಿನ ಮ್ಯಾಲಿಂದ ಅದನ್ನ ಇಳಸು,” ಎಂದರು. “ಹಚ್ಚಿ ತೋರಸು.”

ಸೋಡಾ ಹಾಕಿ ತೊಳೆದೆ. ಅಂಟು ಹೋಗಿ ಬಿಳುಪು ಬಂತು, ಅವರು ತಿಕ್ಕಿ ಬಿಟ್ಟ ಬಿಳುಪು. ಎಣ್ಣೆ ಎಳೆದೆ. ನೀರಿನಂತಾಯಿತು. ಅವರು ಅದನ್ನು ಎದೆಯ ಮೇಲೆ ಇಟ್ಟುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

“ಹಂಗಾರ ಆ ಪಾಸಿಂಗ್ ಸುದ್ದಾ ನನ್ನ ಕೈಯಿಂದ ಆಗಿದ್ದಿಲ್ಲ,” ಎಂದರು.

ಬೈಯುತ್ತಾರೆ ಎಂದು ಕಾದಿದ್ದೆ. ಅದೊಂದೇ ಮಾತು. ಕೊಂದದ್ದು ತಮ್ಮ ಕೈಯಲ್ಲ ಎಂದು ಎದೆ ಹಗುರಾದೀತು ಎಂದುಕೊಂಡಿದ್ದೆ, ಆದರೆ ಅವರಿಗೆ ಉಳಿದಿದ್ದ ಅಂಗೈಯ ಹೆಮ್ಮೆಯೊಂದನ್ನೂ ನಾನು ಕಿತ್ತುಕೊಂಡಿದ್ದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಸಂಜೆಗೆ ಹೇಳಿದರು: “ನೀನ ಹೋಗಿ ಆಕಿಗೆ ಹೇಳಿ ಬಾ. ಅದನ್ನೂ ತಗೊಂಡು ಹೋಗು.”

ಶನಿವಾರ ಪಕ್ಕದ ಮನೆಯ ಪಾರವ್ವನನ್ನು ಅವರ ಹತ್ತಿರ ಕೂರಿಸಿ ಶಿರೂರಿಗೆ ಹೋದೆ. ದೀಪವನ್ನು ಟವೆಲಿನಲ್ಲಿ ಸುತ್ತಿ ಚೀಲದಲ್ಲಿ ಇಟ್ಟುಕೊಂಡಿದ್ದೆ. ಕೃಷ್ಣಾಜಿಯ ಹೆಂಡತಿ ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದಳು. ಅತ್ತಿಗೆ ಎನ್ನುವಂತೆ ವಹಿನಿ ಎಂದು ಕರೆದು, ನಿಂತುಕೊಂಡೇ ನನಗೆ ಬರುವ ಮರಾಠಿಯಲ್ಲಿ ಹೇಳಿದೆ. ದೀಪ ತೆಗೆದು ತೋರಿಸಿದೆ. ಅವಳು ಅದನ್ನು ಮುಟ್ಟಲಿಲ್ಲ.

“ಅವರಿಗೆ ಯಾವಾಗ ಹೇಳಿದಿರಿ?” ಎಂದು ಕೇಳಿದಳು.

“ಮೊನ್ನೆ ಬುಧವಾರ.”

“ಅಂದರೆ ಐದು ವರ್ಷ ಅವರನ್ನು ತಂದು ನನ್ನ ಮುಂದೆ ಕೂರಿಸಿದಿರಿ.”

ನಾನು ದೀಪವನ್ನು ತಿರುಗಿ ಟವೆಲಿನಲ್ಲಿ ಸುತ್ತಿದೆ.

“ಆ ಕಟ್ಟೆ ಮೇಲೆ ಕೂರುತ್ತಿದ್ದರು,” ಎಂದಳು. “ಎರಡು ಗಂಟೆ. ಬಿಸಿಲಿರಲಿ, ಮಳೆ ಇರಲಿ. ತಾವು ತಿಕ್ಕಿದ ದೀಪದಿಂದಲೇ ಹೀಗಾಯಿತು ಎಂದು ಮೊದಲ ದಿನವೇ ಹೇಳಿದ್ದರು. ನನ್ನ ಗಂಡನನ್ನು ತಿಂದ ಮನುಷ್ಯ ಎಂದು ನಾನು ಒಂದು ಲೋಟ ನೀರು ಕೊಡಲಿಲ್ಲ. ಸ್ನೇಹಲ್ ಕೊಡಲು ಹೋದರೆ ಅವಳ ಕೈಯಿಂದ ಕಸಿದುಕೊಂಡೆ. ಐದು ವರ್ಷ. ಈಗ ಬಂದು ಹೀಗೆ ಹೇಳಿದರೆ ಅದನ್ನು ನಾನೆಲ್ಲಿ ಇಡಲಿ?”

ಒಳಗೆ ಹೋದಳು. ನಾನು ಅಂಗಳದಲ್ಲೇ ನಿಂತಿದ್ದೆ. ಬಿಸಿಲಿಗೆ ಬಾಯಿ ಒಣಗಿತ್ತು. ಹೊರಗೆ ಬಂದವಳ ಕೈಯಲ್ಲಿ ಒಂದು ಬಾಟಲಿ, ಮಡಿಕೆಯ ನೀರು ತುಂಬಿದ್ದು, ಮೇಲೆ ಹಸಿ ಬಟ್ಟೆ ಸುತ್ತಿದ್ದಳು. ಅದನ್ನು ನನ್ನ ಚೀಲದಲ್ಲಿ ತಾನೇ ಇಟ್ಟಳು.

“ಇದು ಅವರಿಗೆ. ಕುಡಿಸಿ, ನಾನು ಕೊಟ್ಟೆ ಎಂದು ಹೇಳಿ. ಅವರಿಗೆ ಏಳಲಿಕ್ಕೆ ಆದರೆ ಬರಲಿ. ನೀವು ಮಾತ್ರ ಇನ್ನೊಮ್ಮೆ ಬರಬೇಡಿ.”

ನನಗೆ ಕೂರು ಎನ್ನಲಿಲ್ಲ, ನೀರು ಕೊಡಲಿಲ್ಲ. ಬಸ್ಸಿನಲ್ಲಿ ಬಾಟಲಿಯನ್ನು ತೊಡೆಯ ಮೇಲೆ ನೆಟ್ಟಗೆ ಹಿಡಿದು ಕುಳಿತೆ. ಭೋಸರಿ ಮುಟ್ಟುವ ಹೊತ್ತಿಗೆ ನಾಲಗೆ ಅಂಗುಳಕ್ಕೆ ಅಂಟಿತ್ತು. ಆ ನೀರನ್ನು ನಾನು ಮುಟ್ಟುವಂತಿರಲಿಲ್ಲ.

ಅವರಿಗೆ ತಲೆ ಎತ್ತಿ ಹಿಡಿದು ಕುಡಿಸಿದೆ. ನಾಲ್ಕು ಗುಟುಕು ಕುಡಿದರು, ಒಂದೊಂದನ್ನೂ ಬಾಯಲ್ಲಿ ನಿಲ್ಲಿಸಿಕೊಂಡು. ಕಣ್ಣಿನ ಮೂಲೆಯಿಂದ ನೀರು ಕಿವಿಯ ಕಡೆ ಇಳಿಯಿತು.

“ಆಕೀನ ಕೊಟ್ಟಳಾ?”

“ಹೌದ್ರಿ. ಆಕೀನ ತುಂಬಿ ಕೊಟ್ಟಳು.”

“ನಿನಗ? ನಿನಗೂ ಕೊಟ್ಟಳಾ? ಕುಡದಿ?”

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಅದಾದ ಮೇಲೆ ಹನ್ನೊಂದು ದಿನ ಬದುಕಿದ್ದರು, ಮತ್ತೆ ಆ ಮಾತು ತೆಗೆಯಲಿಲ್ಲ.

“ಹೂಂ ರೀ,” ಎಂದೆ. “ಕೂಡ್ರಿಸಿ ಕೊಟ್ಟಳು. ಕುಡದು ಬಂದೆ.”