ಅತ್ತೆ ಹೇಳಿಕಳಿಸಿದ ಮಾತು

ಇಸ್ತ್ರಿಪೆಟ್ಟಿಗೆ ಕಾದಿದೆಯೋ ಇಲ್ಲವೋ ಎಂದು ನೋಡಲು ನಮ್ಮ ಲಾಂಡ್ರಿಯಲ್ಲಿ ಎಲ್ಲರೂ ಮಾಡುವುದು ಒಂದೇ: ಬೆರಳನ್ನು ನೀರಿಗೆ ಅದ್ದಿ ಒಂದು ಹನಿ ಸಿಡಿಸುವುದು. ಚುಯ್ ಎಂದರೆ ಕಾದಿದೆ. ನನ್ನ ಸೋದರತ್ತೆ ಮಾತ್ರ ಹಾಗೆ ಮಾಡುತ್ತಿರಲಿಲ್ಲ. ಹಳೆ ಬಟ್ಟೆಯ ತುಂಡೊಂದನ್ನು ಪಕ್ಕದಲ್ಲಿಟ್ಟುಕೊಂಡು ಅದರ ಮೇಲೆ ಪೆಟ್ಟಿಗೆ ಒತ್ತಿ ನೋಡುತ್ತಿದ್ದಳು. ಇಷ್ಟು ವರ್ಷ ಇಸ್ತ್ರಿ ಮಾಡಿದವಳಿಗೆ ಒಂದು ಹನಿ ನೀರೆಂದರೆ ಹೆದರಿಕೆಯೇ ಎಂದು ಹೊಸಬರು ನಗುತ್ತಿದ್ದರು. ನನಗೆ ಕಾರಣ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡದಿರುವುದು ನನ್ನ ಹಳೆಯ ಕಸುಬು. ಸಂಬಳ ತರುವ ಕಸುಬು ಬೇರೆ: ಕೌಂಟರಿನಲ್ಲಿ ನಿಂತು ಬಟ್ಟೆಗಳಿಗೆ ನಂಬರಿನ ಚೀಟಿ ಕಟ್ಟುವುದು. ಅದನ್ನು ಕೊಡಿಸಿದವಳೂ ಅತ್ತೆಯೇ.

ಅತ್ತೆ ಮದುವೆಯಾಗಲಿಲ್ಲ. ವಾರಕ್ಕೆ ಆರು ದಿನ ಇಸ್ತ್ರಿ, ಏಳನೆಯ ದಿನ ಚರ್ಚಿನ ಹಿಂದಿನ ಕೋಣೆಯಲ್ಲಿ ಮಕ್ಕಳಿಗೆ ಸಂಡೇ ಸ್ಕೂಲು. ಅವಳ ಅಣ್ಣ, ಅಂದರೆ ನಮ್ಮಪ್ಪ, ಬೀಗ ರಿಪೇರಿಯವನು. ಊರಿನ ಎಲ್ಲ ಬಾಗಿಲುಗಳೂ ಅವನಿಗೆ ತೆರೆದುಕೊಳ್ಳುತ್ತಿದ್ದವು. ಚರ್ಚಿನ ಬಾಗಿಲಿಗೆ ಮಾತ್ರ ಅವನೇ ಹೋಗುತ್ತಿರಲಿಲ್ಲ. ಅತ್ತೆ ಬಂದು ಕರೆದರೆ ಹೊದಿಕೆಯೊಳಗಿಂದಲೇ, "ನನ್ನ ಪಾಲಿಂದೂ ನೀನೇ ಹಾಡಿ ಬಾರೇ" ಎನ್ನುತ್ತಿದ್ದ. ಒಂದು ಬೆಳಿಗ್ಗೆ ಅಂಗಡಿಯಲ್ಲಿ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ.

ಅದಾಗಿ ಒಂದು ತಿಂಗಳಿಗೆ ಅತ್ತೆ ತರಗತಿಗೆ ಇಸ್ತ್ರಿಪೆಟ್ಟಿಗೆ ತಂದಳು. ಅಂದಿನ ಪಾಠ ನರಕ. ಕಾದ ಪೆಟ್ಟಿಗೆಯ ಮೇಲೆ ಒಂದು ಹನಿ ಬಿಟ್ಟಳು. ಹನಿ ಒದ್ದಾಡಿ ಮಾಯವಾಯಿತು.

"ನೋಡಿದ್ರಾ? ಈ ಹನಿಗೆ ಒಂದೇ ಕ್ಷಣ. ಅಲ್ಲಿ ಮುಗಿಯೋದೇ ಇಲ್ಲ."

ಅಕ್ಕನಿಗೆ ಆಗ ಹತ್ತು ವರ್ಷ. ಎದ್ದು ನಿಂತಳು. "ಅತ್ತೆ, ಹಾಗಾದ್ರೆ ಅಪ್ಪ?"

ಅತ್ತೆ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. ಆಮೇಲೆ, "ನಿಮ್ಮಪ್ಪ ಪಶ್ಚಾತ್ತಾಪ ಪಡ್ಲಿಲ್ಲ ಮಗಳೇ. ಅವನು ಅಲ್ಲೇ ಇದಾನೆ" ಎಂದುಬಿಟ್ಟಳು.

ಅಕ್ಕ ಅಲ್ಲಿಂದ ಹೊರಟುಹೋದಳು. ಅತ್ತೆಯೊಂದಿಗೆ ಮತ್ತೆ ಮಾತಾಡಲಿಲ್ಲ. ಆರು ವರ್ಷದ ನಾನೂ ಹಿಂದೆಯೇ ಓಡಿದೆ ಎಂದು ಬರೆಯಲು ಆಸೆಯಿದೆ. ನಾನು ಕುಳಿತೇ ಇದ್ದೆ. ಪಾಠ ಮುಗಿದ ಮೇಲೆ ಬಿಸ್ಕತ್ತು ಕೊಡುತ್ತಿದ್ದರು.

ಅಂದಿನಿಂದ ಅತ್ತೆ ಮಕ್ಕಳಿಗೆ ನರಕದ ಪಾಠ ಹೇಳಲಿಲ್ಲ. ತನಗೇ ಹೇಳಿಕೊಂಡಳು, ಇಪ್ಪತ್ತು ವರ್ಷ. ನಾನು ಲಾಂಡ್ರಿಗೆ ಸೇರಿದ ಮೇಲೆ ಮಧ್ಯಾಹ್ನ ಡಬ್ಬಿ ಬಿಚ್ಚುತ್ತ ನನಗೂ ಹೇಳುತ್ತಿದ್ದಳು.

"ನೋಡೋ, ಆ ಬೆಂಕಿ ಯಾವತ್ತೂ ಆರಲ್ಲ, ಒಳಗಿದ್ದೋರೂ ಸಾಯಲ್ಲ ಅಂತ ಕೆಲವರು. ಇನ್ನು ಕೆಲವರು, ಆ ಬೆಂಕೀಗೆ ಬೈಬಲ್‌ನಲ್ಲಿ ಎರಡನೇ ಮರಣ ಅಂತಾರಲ್ಲ, ಅದು ನಿಜವಾದ ಮರಣಾನೇ, ದೀಪ ಆರಿದ ಹಾಗೆ, ಆಮೇಲೆ ನೋವೂ ಇಲ್ಲ ಆಳೂ ಇಲ್ಲ ಅಂತಾರೆ."

ಕೆಲವು ವರ್ಷ ಈ ಎರಡನೆಯದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅಣ್ಣ ಉರಿಯುತ್ತಿಲ್ಲವಲ್ಲ ಎಂಬ ನೆಮ್ಮದಿ. ಆಮೇಲೆ ಅದೂ ಸಾಲದಾಯಿತು. "ಹಾಗಾದ್ರೆ ಅವನು ಎಲ್ಲೂ ಇಲ್ವೇ ಇಲ್ಲ ಅಂತಾಯ್ತಲ್ಲೋ. ನಾನು ಹೋದ್ಮೇಲೂ ಸಿಗಲ್ಲ." ಮೂರನೆಯದೂ ಒಂದಿತ್ತು: ಆ ಬೆಂಕಿ ಸುಟ್ಟು ಮುಗಿಸುವುದಕ್ಕಲ್ಲ, ಶುದ್ಧ ಮಾಡುವುದಕ್ಕೆ, ದೇವರು ಕೊನೆಗೆ ಒಬ್ಬರನ್ನೂ ಬಿಡದೆ ತನ್ನ ಬಳಿ ಕರೆದುಕೊಳ್ಳುತ್ತಾನೆ ಎನ್ನುವವರ ಮಾತು. ಅದನ್ನು ಹೇಳುವಾಗ ಅತ್ತೆ ದನಿ ತಗ್ಗಿಸುತ್ತಿದ್ದಳು, ಕದ್ದ ಮಾಲು ತೋರಿಸುವವಳ ಹಾಗೆ.

ಬಟ್ಟೆ ಒಗೆಯುವ ಯಂತ್ರ ನೋಡಿಕೊಳ್ಳುವವನನ್ನು ನಾವು ಮೆಷಿನ್ ಮಾಮ ಎನ್ನುತ್ತೇವೆ. ಅವನು ಒಮ್ಮೆ ಬಾಯಿ ಹಾಕಿದ. "ಇದಕ್ಯಾಕೆ ಇಷ್ಟು ತಲೆ ಕೆಡಿಸ್ಕೋತೀರ ಟೀಚರಮ್ಮ? ಕೊಳೆ ಹೋಗ್ಲಿಲ್ಲ ಅಂತ ನಾವು ಬಟ್ಟೆ ಬಿಸಾಕ್ತೀವಾ? ಇನ್ನೊಂದ್ಸಲ ಹಾಕ್ತೀವಿ."

"ಎಷ್ಟು ಹಾಕಿದ್ರೂ ಹೋಗದೇ ಇರೋ ಕಲೆ?"

"ಅದಕ್ಕೆ ಗಿರಾಕೀನೇ ಜವಾಬ್ದಾರಿ ಅಂತ ಚೀಟೀಲಿ ಅಚ್ಚಾಗಿದೆ ಅತ್ತೆ" ಎಂದೆ ನಾನು, ಮಹಾ ಬುದ್ಧಿವಂತ.

ಮಾಮ ನಕ್ಕ. ಅತ್ತೆ ನಗಲಿಲ್ಲ. ಸಂಜೆ ಪಾಸ್ಟರ್ ಬಳಿ ಹೋಗಿ, ದೇವರು ಕೊನೆಗೆ ಎಲ್ಲರನ್ನೂ ಕರೆದುಕೊಳ್ಳುತ್ತಾನೆಯೇ ಎಂದು ಕೇಳಿದಳಂತೆ. "ಹಾಗೇ ಆಗ್ಲಿ ಅಂತ ಪ್ರಾರ್ಥನೆ ಮಾಡಿ ಅಮ್ಮ. ಆಗೇ ಆಗುತ್ತೆ ಅಂತ ಪಾಠ ಮಾಡ್ಬೇಡಿ" ಎಂದರಂತೆ ಅವರು.

ಮರುದಿನ ಅತ್ತೆ ಕೌಂಟರಿನ ಬಳಿ ಬಂದು ನಿಂತಳು. ಅಕ್ಕ ಆಗ ಪಕ್ಕದ ಊರಿನಲ್ಲಿ ಕನ್ನಡಕದ ಅಂಗಡಿಯಲ್ಲಿದ್ದಳು. ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದೆ.

"ಅವಳಿಗೆ ಒಂದು ಮಾತು ಹೇಳ್ತೀಯೇನೋ? ನಿಮ್ಮಪ್ಪ ಎಲ್ಲಿದಾನೆ ಅಂತ ಅತ್ತೆಗೆ ಅವತ್ತೂ ಗೊತ್ತಿರ್ಲಿಲ್ಲ, ಇವತ್ತೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಗೊತ್ತಿದೆ ಅಂತ ಒಂದು ಮಗೂಗೆ ಹೇಳ್ಬಿಟ್ಟೆ. ತಪ್ಪಾಯ್ತು ಅಂತ ಹೇಳು. ಅವಳು ಹೂಂ ಅಂದ್ರೆ ನಾನೇ ಹೋಗ್ತೀನಿ."

ಹೋದೆ. ಅಕ್ಕ ಅಂದು ಬಹಳ ಖುಷಿಯಲ್ಲಿದ್ದಳು. ನನಗೆ ದೊಡ್ಡ ದೊಡ್ಡ ಫ್ರೇಮು ಹಾಕಿಸಿ, "ಈಗ ಓದಿದೋನ ಥರ ಕಾಣ್ತೀಯ ನೋಡು" ಎಂದು ಗೇಲಿ ಮಾಡಿದಳು. ಊಟ ಹಾಕಿದಳು. ಈ ನಗು ಯಾಕೆ ಕೆಡಿಸಲಿ, ಮುಂದಿನ ತಿಂಗಳು ಹೇಳಿದರಾಯಿತು ಎಂದುಕೊಂಡು ಬಸ್ಸು ಹತ್ತಿದೆ.

ಬೆಳಿಗ್ಗೆ ಲಾಂಡ್ರಿಯ ಬಾಗಿಲಲ್ಲೇ ಅತ್ತೆ ಕಾದಿದ್ದಳು. ಆ ಮುಖ ನೋಡಿ "ಹೇಳಲಿಲ್ಲ" ಎನ್ನಲು ನಾಲಿಗೆ ಏಳಲಿಲ್ಲ.

"ಹೇಳ್ದೆ ಅತ್ತೆ. ಹೋಗ್ಲಿ ಬಿಡು ಅಂದ್ಲು."

"ಅಷ್ಟೇನಾ? ಬೈಲಿಲ್ವಾ?"

"ಇಲ್ಲ."

"ಒಂಚೂರೂ ಬೈಲಿಲ್ವಾ?"

ಅಂದು ಅತ್ತೆ ಒಂದೇ ಅಂಗಿಯ ಕಾಲರನ್ನು ಮೂರು ಸಲ ಇಸ್ತ್ರಿ ಮಾಡಿದಳು.

ಆಮೇಲೆ ಆಗಾಗ ಕೇಳುತ್ತಿದ್ದಳು, "ಒಂದು ಫೋನ್ ಮಾಡ್ಲೇನೋ ಅವಳಿಗೆ?" ಮಾಡಿದರೆ ನನ್ನ ಬಣ್ಣ ಬಯಲಾಗುತ್ತದೆ. "ಈಗ ಬೇಡ ಅತ್ತೆ, ಅವಳಿಗೆ ಸ್ವಲ್ಪ ಟೈಮ್ ಕೊಡು" ಎನ್ನುತ್ತಿದ್ದೆ, ಊರಿಗೇ ಬುದ್ಧಿ ಹೇಳುವವನ ಗತ್ತಿನಲ್ಲಿ. ಅತ್ತೆ ತಲೆಯಾಡಿಸಿ ಹೋಗುತ್ತಿದ್ದಳು. ಅಕ್ಕನಿಗೆ ಹೇಳಲೂ ಆಗಲಿಲ್ಲ. ಹೇಳಿದರೆ ಮೊದಲು ಈ ಸುಳ್ಳನ್ನು ಒಪ್ಪಿಕೊಳ್ಳಬೇಕಿತ್ತು. ಬೈಬಲಿನಲ್ಲಿರುವ, ನರಕದ ಬೆಂಕಿಯ ಕೆರೆಗೆ ಬೀಳುವವರ ಪಟ್ಟಿಯನ್ನು ಅತ್ತೆಯೇ ನಮಗೆ ಬಾಯಿಪಾಠ ಮಾಡಿಸಿದ್ದಳು: ಕೊಲೆಗಾರರು, ಮಾಟಗಾರರು, ಕಡೆಯಲ್ಲಿ ಸುಳ್ಳುಗಾರರೆಲ್ಲರೂ. ಆ ಮೂರನೆಯ ಅಭಿಪ್ರಾಯದಲ್ಲಿ ನನಗೆ ಭಕ್ತಿ ಹುಟ್ಟಿದ್ದು ಆಗಲೇ.

ಹೀಗೆ ಎರಡು ವರ್ಷ ಕಳೆದವು. ಹೋದ ತಿಂಗಳು ಒಂದು ವಾರದ ಜ್ವರಕ್ಕೆ ಅತ್ತೆ ತೀರಿಕೊಂಡಳು. ಅಕ್ಕ ಬಂದು ಸಮಾಧಿಯ ಹತ್ತಿರ ಬಾರದೆ ಗೇಟಿನ ಬಳಿಯೇ ನಿಂತಿದ್ದಳು. ಮರುದಿನ ಅತ್ತೆಯ ಸಾಮಾನು ತೆಗೆದುಕೊಂಡು ಹೋಗಲು ಲಾಂಡ್ರಿಗೆ ಬಂದಳು. ಸಾಮಾನೆಂದರೆ ಒಂದು ಡಬ್ಬಿ, ಒಂದು ಶಾಲು, ಮೇಜಿನ ಕೆಳಗಿನ ಪೆಟ್ಟಿಗೆಯ ತುಂಬ ಇಸ್ತ್ರಿಯ ಗುರುತು ಬಿದ್ದ ಬಟ್ಟೆಯ ತುಂಡುಗಳು.

"ಇದೇನೋ ಇದು?"

ಹೇಳಿದೆ. ಹನಿಯ ಬದಲು ಈ ತುಂಡು, ಇಪ್ಪತ್ತು ವರ್ಷದಿಂದ. ಬಾಯಿ ತೆರೆದ ಮೇಲೆ ಉಳಿದದ್ದನ್ನೂ ಹೇಳಿದೆ.

ಅಕ್ಕ ಕೈಯಲ್ಲಿದ್ದ ತುಂಡನ್ನು ಮೇಜಿನ ಮೇಲಿಟ್ಟಳು. "ನನ್ನ ಪರವಾಗಿ ಕ್ಷಮಿಸೋಕೆ ನೀನ್ಯಾವೂರ ದೊಣ್ಣೆನಾಯಕನೋ?"

ನಾನು ಚೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದೆ.

"ಬರ್ತಿದ್ದೆ ಕಣೋ. ಬಂದು ಚೆನ್ನಾಗಿ ಬೈತಿದ್ದೆ. ಬೈದು, ಅತ್ತು, ಊಟ ಮಾಡ್ಕೊಂಡು ಹೋಗ್ತಿದ್ದೆ. ಇದೊಂದು ಮಾತಿಗೆ ಎಷ್ಟು ವರ್ಷ ಕಾದಿದೀನಿ ಗೊತ್ತಾ ನಿಂಗೆ? ಅವಳು ನಂಬಿದ್ಲಾ?"

"ಬೈಲಿಲ್ವಾ ಅಂತ ಎರಡು ಸಲ ಕೇಳಿದ್ಲು."

ಅಕ್ಕ ಅತ್ತೆಯ ಸ್ಟೂಲಿನ ಮೇಲೆ ಕುಳಿತುಬಿಟ್ಟಳು. ಶಾಲಿನಿಂದ ಮುಖ ಒರೆಸಿಕೊಂಡಳು. "ಅವಳು ಹೇಳಿದ ಹಾಗೇ ಹೇಳು ಈಗ. ನಿಂದೇನೂ ಸೇರಿಸ್ಬೇಡ."

ಹೇಳಿದೆ. ಅಪ್ಪ ಎಲ್ಲಿದ್ದಾನೆಂದು ಅವತ್ತೂ ಗೊತ್ತಿರಲಿಲ್ಲ ಎಂಬಲ್ಲಿಂದ ತಾನೇ ಹೋಗುತ್ತೇನೆ ಎಂದದ್ದರವರೆಗೆ, ಒಂದಕ್ಷರ ಬಿಡದೆ. ಹೊರಗೆ ಯಾರೋ ಗಿರಾಕಿ ಕೌಂಟರ್ ತಟ್ಟುತ್ತಿದ್ದ. ಅಕ್ಕ ಕೇಳಿ ಮುಗಿಸಿ, ಖಾಲಿ ಇಸ್ತ್ರಿ ಮೇಜಿನ ಕಡೆ ತಿರುಗಿ, ಬೈಯಲು ಶುರು ಮಾಡಿದಳು.