ಕಾಕಾನ ಹಿಮ್ಮಡಿಯ ಕಪ್ಪು

ನಿನ್ನೆ ಪ್ರಯೋಗಾಲಯದಲ್ಲಿ ಎರಡು ಕೊಳವೆಗಳನ್ನು ಬೆಳಕಿಗೆ ಹಿಡಿದಿದ್ದೆ. ಎರಡರ ತಳದಲ್ಲೂ ಮೆಲನೋಮಾದ ಕೋಶಗಳು, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಿಗೇ ಬರುವ ಕ್ಯಾನ್ಸರ್. ಒಂದರಲ್ಲಿ ಕಾಡಿಗೆಯಂಥ ಕಪ್ಪು. ಇನ್ನೊಂದರಲ್ಲಿ ಪ್ರೋಟೀನ್ ಕೈನೇಸ್ ಎಂಬ ಕಿಣ್ವವನ್ನು ಔಷಧಿ ಹಾಕಿ ತಡೆದಿದ್ದೆವು. ಬೆಳೆಯಿರಿ, ಬಣ್ಣ ಮಾಡಿರಿ ಎಂದು ಕೋಶಗಳ ಬೆನ್ನು ಹತ್ತುವ ಕಿಣ್ವ ಅದು. ಅದರ ಬಾಯಿ ಮುಚ್ಚಿಸಿದ್ದಕ್ಕೆ ಕೋಶಗಳೂ ಕಡಿಮೆ, ಬಣ್ಣವೂ ತೆಳು ಚಹಾದಷ್ಟೇ. ಜೊತೆಯವರೆಲ್ಲ ಖುಷಿಪಟ್ಟರು. ನನಗೆ ಮಾತ್ರ ಮೊದಲನೆಯ ಕೊಳವೆಯ ಕಪ್ಪು ಕಂಡದ್ದೇ ತಡ, ಅಥಣಿಯ ನಮ್ಮ ಓಣಿ, ಒದ್ದೆ ತೊಗಲಿನ ವಾಸನೆ, ಚಪ್ಪಲಿ ಕಾಕಾನ ಎಡಗಾಲು...

ಕಾಕಾ ನಮ್ಮ ಎದುರು ಮನೆಯವರು. ತೊಗಲನ್ನು ಹಿಮ್ಮಡಿಯಿಂದ ಒತ್ತಿ ಹಿಡಿದು ಚಪ್ಪಲಿಯ ಅಟ್ಟೆ ಕೊಯ್ಯುತ್ತಿದ್ದರು. ತೊಗಲಿನ ಬಣ್ಣ ಅಂಗಾಲಿಗೆ ವರ್ಷವಿಡೀ ಅಂಟಿರುತ್ತಿತ್ತು. ದೀಪಾವಳಿಗೆ ಮಾತ್ರ ಕೆಲಸ ನಿಲ್ಲಿಸಿ, ಕಟ್ಟೆಯ ಮೇಲೆ ಕೂತು, ನಿಂಬೆಹೋಳಿನಿಂದ ತಿಕ್ಕಿ ತಿಕ್ಕಿ ಪಾದ ಬೆಳ್ಳಗೆ ಮಾಡಿಕೊಳ್ಳುತ್ತಿದ್ದರು. ಒಂದು ವರ್ಷ ಎಡ ಹಿಮ್ಮಡಿಯಲ್ಲಿ ಕಪ್ಪು ಕಲೆಯೊಂದು ಉಳಿಯಿತು.

ನಾನಾಗ ಬಿ.ಎಸ್ಸಿ. ಓದುತ್ತಿದ್ದೆ. ಸೂಕ್ಷ್ಮದರ್ಶಕದಲ್ಲಿ ಈರುಳ್ಳಿ ಸಿಪ್ಪೆ ನೋಡಿದ್ದಕ್ಕೇ ಏನು ಜಂಬ!

“ತಂಗೀ, ನೀ ಸೈನ್ಸ್ ಕಲಿಯಾಕತ್ತಿ. ಇದನ್ನಷ್ಟ್ ನೋಡು. ಎಷ್ಟ್ ತಿಕ್ಕಿದ್ರೂ ಹೋಗವಲ್ದು,” ಎಂದು ಕಾಲು ಚಾಚಿದರು.

“ತೊಗಲಿನ ಬಣ್ಣ ಐತ್ರಿ ಕಾಕಾ. ಒಳಗ ಇಳದೈತಿ, ಇನ್ನಷ್ಟ್ ತಿಕ್ರಿ.”

“ದವಾಖಾನಿಗೆ ತೋರಸ್ಲೇನು?”

“ಬಣ್ಣಕ್ಕ ಯಾರರ ದವಾಖಾನಿಗೆ ಹೋಗ್ತಾರೇನ್ರಿ?” ಎಂದು ನಕ್ಕುಬಿಟ್ಟೆ. ನನ್ನ ನಾಲಿಗೆಗೆ ಹುಳ ಬೀಳಲಿ.

ಅವರೂ ನಕ್ಕರು. “ಕಲತವರ ಹೇಳಿದ ಮ್ಯಾಲ ಮುಗೀತ್ ಬಿಡು.”

ಚಳಿಗಾಲ ಪೂರ್ತಿ ತಿಕ್ಕಿದರು. ಯುಗಾದಿ ಹೊತ್ತಿಗೆ ಕಲೆ ಅಗಲವಾಗಿ ರಕ್ತ ಜಿನುಗಿತು. ದೊಡ್ಡ ಆಸ್ಪತ್ರೆಗೆ ಹೋಗುವಷ್ಟರಲ್ಲಿ ತೊಡೆಸಂದಿಯಲ್ಲಿ ಗಂಟು ಎದ್ದಿತ್ತು. ಬಣ್ಣವಲ್ಲ, ಕ್ಯಾನ್ಸರ್ ಎಂದರು ಡಾಕ್ಟರು, ತಡಮಾಡಿ ಬಂದಿರಿ ಎಂದೂ ಹೇಳಿದರು.

ನೋಡಲು ಹೋದಾಗ ಅವರ ಹೆಂಡತಿ ಕಾಕಿ ಅಳುತ್ತ ಬೈಯುತ್ತಿದ್ದಳು, “ಆಗs ಯಾಕ್ ತೋರಸ್ಲಿಲ್ರಿ?” ಕಾಕಾ ನನ್ನ ಕಡೆ ಒಮ್ಮೆ ನೋಡಿದರು. “ನನಗೆಲ್ಲಿ ಪುರಸೊತ್ತಿತ್ತs?” ಎಂದಷ್ಟೇ ಹೇಳಿ ಗೋಡೆಯತ್ತ ಹೊರಳಿ ಮಲಗಿದರು. ನಾನು ಬಾಯಿ ಬಿಡಲಿಲ್ಲ. ಮುಂದಿನ ದೀಪಾವಳಿಗೆ ಕಾಕಾ ಇರಲಿಲ್ಲ...

ನನ್ನ ಮಾತು ನಂಬಿ ತಡಮಾಡುವ ಬದಲು ಆಗಲೇ ಕಲೆಯನ್ನು ಕತ್ತರಿಸಿ ತೆಗೆಸಿದ್ದರೆ ಉಳಿಯುತ್ತಿದ್ದರೇನೋ. ಆ ‘ಏನೋ’ ಒಂದನ್ನೇ ಹಿಡಿದು ಇಷ್ಟು ವರ್ಷ ಈ ಕೋಶಗಳ ಹಿಂದೆ ಬಿದ್ದಿದ್ದೇನೆ.

ನಿನ್ನೆ ಸಂಜೆ ಕಾಕಿಗೆ ಫೋನ್ ಮಾಡಿದೆ. ಇವತ್ತಾದರೂ ಹೇಳಿಬಿಡಬೇಕು ಎಂದುಕೊಂಡಿದ್ದೆ. ನಾನು ಏನು ಕೆಲಸ ಮಾಡುತ್ತೇನೆಂದು ಕೇಳಿ ತಿಳಿದುಕೊಂಡಳು. ಆಮೇಲೆ ಅಂದಳು:

“ಎದುರಿಗs ಇದ್ಯಲ್ಲವ್ವಾ ನೀ. ಒಂದ್ ಮಾತ್ ನಿನ್ನ ಕೇಳಿದ್ರ ಉಳೀತಿದ್ರು ನೋಡು.”

ಹೂಂ ಕಾಕಿ, ಎಂದೆ.