ಸುಳ್ಳು ಮಳೆ

ಆಸ್ಪತ್ರೆಯಲ್ಲಿದ್ದ ಕೊನೆಯ ವಾರ ಅವಳು ನರ್ಸನ್ನು ಮತ್ತೆ ಮತ್ತೆ ಕೇಳುತ್ತಿದ್ದದ್ದು ಒಂದೇ: ಹೊರಗೆ ಮೋಡ ಇದೆಯಾ? ನರ್ಸ್ ನನ್ನನ್ನು ಬಾಗಿಲ ಹತ್ತಿರ ಕರೆದು, "ಇವ್ರಿಗೆ ಸ್ವಲ್ಪ ಭ್ರಮೆ ಶುರುವಾಗಿದೆ ಅನ್ಸುತ್ತೆ" ಅಂದಳು. ಭ್ರಮೆಯಲ್ಲ, ಅದು ಅವಳ ಕೆಲಸ ಎಂದು ವಿವರಿಸುವ ಶಕ್ತಿ ಆಗ ನನಗಿರಲಿಲ್ಲ. ಅವಳು ಹೋದ ಮೇಲೆ, ಈಗ ಬರೆಯುತ್ತಿದ್ದೇನೆ.

ಅವಳು ಸರ್ಕಾರದ ವನ್ಯಜೀವಿ ಇಲಾಖೆಯಲ್ಲಿ ಜೀವವಿಜ್ಞಾನಿ. ಬಡಾವಣೆಗೋ ರಸ್ತೆಗೋ ಗೋದಾಮಿಗೋ ಒಂದು ನೆಲವನ್ನು ಬಿಟ್ಟುಕೊಡುವ ಮೊದಲು ಅಲ್ಲಿ ಯಾವ ಪ್ರಾಣಿ ಬದುಕುತ್ತಿದೆ ಎಂದು ನೋಡಿ ಅಭಿಪ್ರಾಯ ಕೊಡುವುದು ಅವಳ ಪಾಲಿನ ಕೆಲಸ. ಕಚೇರಿಯಲ್ಲಿ ಎಲ್ಲರಿಗೂ ಅವಳು ಕಪ್ಪೆ ಮೇಡಂ. ನನಗೆ ಕಾಲೇಜಿನ ದಿನಗಳಿಂದ ಗೆಳತಿ, ಆಮೇಲೆ ಎದುರು ಬೀದಿಯ ನೆರೆಯವಳು.

ಆತಂಕ ಅವಳ ಹುಟ್ಟುಗುಣ. ಮನೆಗೆ ಬೀಗ ಹಾಕಿ ಬೀದಿಯ ತುದಿಗೆ ಬಂದವಳು ಮತ್ತೆ ಹಿಂದೆ ಹೋಗಿ ಬೀಗ ಜಗ್ಗಿ ನೋಡುತ್ತಿದ್ದಳು. ಬಸ್ಸು ಹತ್ತಿದ ಮೇಲೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬೆವರುತ್ತಿದ್ದಳು. ಅವಳ ಜೊತೆಗೇ ಇದ್ದ ತಾಯಿ ಹೇಳುತ್ತಿದ್ದರು: "ಎಲ್ಲ ಮಕ್ಕಳೂ ಹುಟ್ಟಿದ ತಕ್ಷಣ ಸುಮ್ನೆ ಅಳ್ತವೆ. ಇವಳು ಮಾತ್ರ ಹಿಂದೆ ಬಾಗಿಲು ಹಾಕ್ಕೊಂಡು ಬಂದೆನೋ ಇಲ್ವೋ ಅಂತ ಅತ್ತಿರ್ಬೇಕು."

ಕೆಲವು ವರ್ಷಗಳ ಹಿಂದೆ ಅವಳ ಮೇಜಿಗೆ ಬಂದದ್ದು ಊರಂಚಿನ ಒಂದು ತಗ್ಗು. ಬೇಸಿಗೆಯಲ್ಲಿ ಅದು ಬಿರುಕುಬಿಟ್ಟ ಬಯಲು, ಮಕ್ಕಳು ಚೆಂಡಾಡುವ ಜಾಗ. ಮಳೆಗಾಲದಲ್ಲಿ ಮಂಡಿಯುದ್ದ ನೀರು. ಅದಕ್ಕೆ ಮಣ್ಣು ತುಂಬಿಸಿ ನಿವೇಶನ ಮಾಡುವುದು ಒಂದು ಕಂಪನಿಯ ಯೋಜನೆ. ಕಂಪನಿಯ ತಜ್ಞರು ಕಡುಬೇಸಿಗೆಯಲ್ಲಿ ಬಂದು, ಆ ಕಡೆಯಿಂದ ಈ ಕಡೆಗೆ ನಡೆದು, ಇಲ್ಲಿ ಜೀವಿಗಳೇನೂ ಇಲ್ಲ ಎಂದು ಬರೆದುಕೊಟ್ಟಿದ್ದರು. ಅವರು ಸುಳ್ಳು ಬರೆದಿರಲಿಲ್ಲ. ಮೇಲೆ ಏನೂ ಇರಲಿಲ್ಲ. ಕಪ್ಪೆಗಳು ಮೊಳದಷ್ಟು ಕೆಳಗೆ, ಗಟ್ಟಿ ಮಣ್ಣಿನೊಳಗೆ, ಮೈಯಲ್ಲಿನ ನೀರನ್ನು ಉಳಿಸಿಕೊಂಡು ಮಲಗಿದ್ದವು. ಮೊದಲ ದೊಡ್ಡ ಮಳೆಗೆ ಏಳುವ ಜಾತಿ ಅದು. ನೀರು ನಿಂತಿರುವಾಗಲೇ ಅವಸರದಲ್ಲಿ ಸಂಸಾರ ಮುಗಿಸಿ ಮತ್ತೆ ಒಳಗೆ ಇಳಿದುಬಿಡುತ್ತದೆ. ಸುತ್ತಮುತ್ತ ಅದಕ್ಕೆ ಉಳಿದಿದ್ದ ತಗ್ಗು ಅದೊಂದೇ.

ಇಲಾಖೆ ಗಡುವಿನೊಳಗೆ ಆಕ್ಷೇಪಣೆ ಹೇಳದಿದ್ದರೆ ಒಪ್ಪಿಗೆ ಕೊಟ್ಟಂತೆಯೇ. ಗಡುವು ಮುಗಿಯುವುದರೊಳಗೆ ಮಳೆ ಬರುವ ಸೂಚನೆ ಇರಲಿಲ್ಲ. ಅವಳು ತನ್ನ ಮೇಲಧಿಕಾರಿಯ ಹತ್ತಿರ ಹೋದಳು.

"ಹೋದ ಮಳೆಗಾಲದಲ್ಲಿ ಆ ದಾರೀಲಿ ಹೋಗ್ತಾ ಅವುಗಳ ಕೂಗು ಕೇಳಿದೀನಿ ಸರ್."

"ನೀವು ಕೇಳಿದ್ದನ್ನ ನಾನು ಹೇಗೆ ಬರೀಲಿ ಮೇಡಂ? ಒಂದಾದ್ರೂ ಕಣ್ಣಿಗೆ ತೋರ್ಸಿ. ಅಲ್ಲೇ ನಿಂತು ಬರೀತೀನಿ. ಇಲ್ಲಾಂದ್ರೆ ನಿಮ್ಮ ಕಪ್ಪೆಗಳಿಗೆ ನೋಟಿಸ್ ಕಳ್ಸಿ, ಖುದ್ದು ಹಾಜರಾಗ್ಲಿ."

ಜಂಟಿ ಪರಿಶೀಲನೆಗೆ ದಿನ ಗೊತ್ತಾಯಿತು. ಅವಳು ಊಟ ಬಿಟ್ಟಳು. ಅಗೆದು ನೋಡೋಣವೆಂದರೆ ಹಾರೆಗೆ ಸಿಕ್ಕ ಕಪ್ಪೆ ಎರಡು ತುಂಡು. ಏನೂ ತಿಳಿಯದ ನಾನು ಒಂದು ಸಂಜೆ, "ನೀರು ಸುರಿದ್ರೆ ಮಳೆ ಬಂತು ಅಂತ ಎದ್ದು ಬರಲ್ವೇನೇ?" ಅಂದೆ.

ಅವಳು ಬಟ್ಟೆ ಮಡಿಸುತ್ತಿದ್ದಳು. ಕೈ ನಿಂತಿತು.

"ಬರ್ತವೆ ಕಣೇ. ಅದೇ ನನಗೆ ಭಯ. ಮುಂದಿನ ಮಳೆವರೆಗೆ ಅಂತ ಮೈಯಲ್ಲಿ ಇಟ್ಕೊಂಡಿರೋ ಶಕ್ತಿ ಖರ್ಚು ಮಾಡಿ ಮೇಲೆ ಬರ್ತವೆ. ಬಂದು ನೋಡಿದ್ರೆ ಬರೀ ಬಿಸಿಲು. ನೆಲ ಒಣಗಿದ್ರೆ ವಾಪಸ್ ಇಳಿಯೋಕೂ ಆಗಲ್ಲ, ಇಟ್ಟಿಗೆ ಆಗಿರುತ್ತೆ. ಸುಳ್ಳು ಹೇಳಿ ಎಬ್ಬಿಸಿ ಬಾಗಿಲು ಹಾಕಿದ ಹಾಗೆ."

ನಾನು ಹೇಳುವ ಮೊದಲೇ ಅವಳ ತಲೆಯಲ್ಲಿ ಅದು ಹುಳದಂತೆ ಕೊರೆಯುತ್ತಿತ್ತು ಎಂದು ಆಗ ತಿಳಿಯಿತು. ಎಬ್ಬಿಸದಿದ್ದರೆ ಲಾರಿಗಳು ಬಂದು ಎಲ್ಲವನ್ನೂ ಮಲಗಿದಲ್ಲೇ ಹೂತುಬಿಡುತ್ತವೆ. ಎಬ್ಬಿಸಿದರೆ ಎದ್ದವು ಅವಳ ಕೈಯಲ್ಲೇ ಸಾಯಬಹುದು. ಕೊನೆಗೆ ಎರಡು ಮಂಚ ಹಾಕುವಷ್ಟು ಜಾಗ ಗುರುತು ಮಾಡಿದಳು. ಪರಿಶೀಲನೆಯ ಹಿಂದಿನ ಮಧ್ಯಾಹ್ನ ಟ್ಯಾಂಕರ್ ತರಿಸಿ ಅಷ್ಟಕ್ಕೆ ಮಾತ್ರ ನೀರು ಬಿಡಿಸಿದಳು.

ಬೆಳಿಗ್ಗೆ ಮೇಲಧಿಕಾರಿ ಬಂದರು, ಕಂಪನಿಯ ಎಂಜಿನಿಯರ್ ಬಂದ. ನಾನು ರಸ್ತೆಬದಿಯ ಮರದ ಕೆಳಗೆ, ಬೇಕಾದೀತೆಂದು ನೀರಿನ ಕೊಡ ಹಿಡಿದು ನಿಂತಿದ್ದೆ. ಒದ್ದೆ ನೆಲದಲ್ಲಿ ಏನೂ ಇರಲಿಲ್ಲ. ನೀರಷ್ಟೇ ಸಾಲದು, ಮಳೆ ನೆಲಕ್ಕೆ ಬಡಿಯುವ ಅದುರು ಬೇಕು ಎಂದು ಅವಳು ಇಲಾಖೆಯ ಹಳೆಯ ಜೀಪನ್ನು ಪಕ್ಕಕ್ಕೆ ತರಿಸಿ ಎಂಜಿನ್ ಚಾಲೂ ಇಡಿಸಿದಳು. ನೆಲ ಗಡಗಡ ಅದುರಿತು.

"ಇದು ಜೀಪೋ ಹಿಟ್ಟಿನ ಗಿರಣಿಯೋ?" ಅಂದರು ಮೇಲಧಿಕಾರಿ.

"ಎರಡೂನೂ ಸರ್," ಅಂದ ಡ್ರೈವರ್. "ಕೂತವ್ರು ಪುಡಿಯಾಗ್ತಾರೆ."

ಎಂಜಿನಿಯರ್ ನಕ್ಕು ಗಡಿಯಾರ ನೋಡಿಕೊಂಡ. ಅಷ್ಟರಲ್ಲಿ ಒದ್ದೆ ಮಣ್ಣಿನ ಒಂದು ಹೆಂಟೆ ಅಲುಗಿತು. ಹೆಂಟೆಗೆ ಕಣ್ಣು ಬಂತು. ಉಬ್ಬಿದ ಮೈಯ ಒಂದು ಪ್ರಾಣಿ, ಗಾಢನಿದ್ದೆಯಿಂದ ಎಬ್ಬಿಸಿಕೊಂಡವರ ಸಿಡುಕಿನಲ್ಲಿ, ನಮ್ಮನ್ನು ನೋಡಿತು. ಅದರ ಪಕ್ಕದಲ್ಲಿ ಇನ್ನೊಂದು, ಮತ್ತೊಂದು.

ಎಂಜಿನಿಯರ್‌ನ ನಗು ಮಾಯವಾಯಿತು. "ಇವನ್ನ ನಿನ್ನೆ ನೀವೇ ತಂದು ಹೂತಿಟ್ಟಿಲ್ಲ ಅಂತ ಏನು ಗ್ಯಾರಂಟಿ? ಜಾಗ ನಾನು ತೋರಿಸ್ತೀನಿ. ಅಲ್ಲಿ ನೀರು ಹಾಕಿ, ನೋಡೋಣ."

ಮೇಲಧಿಕಾರಿಗೆ ಅದು ನ್ಯಾಯವೆನಿಸಿತು. "ಹಾಕ್ಸಿ ಮೇಡಂ."

"ಬೇಡ ಸರ್," ಅಂದಳು ಅವಳು. "ಇನ್ನಷ್ಟು ಎಬ್ಬಿಸೋದು ಬೇಡ."

ಆ ಒಂದು ಮಾತಿನಿಂದ ಎಲ್ಲ ತಿರುಗಿಬಿಟ್ಟಿತು. ಸಿಕ್ಕಿಬಿದ್ದ ಕಳ್ಳಿಯನ್ನು ನೋಡುವಂತೆ ಎಲ್ಲರೂ ಅವಳನ್ನು ನೋಡಿದರು. ಅವಳು ಕಾಲ ಬುಡದಲ್ಲಿದ್ದ ಕಪ್ಪೆಯನ್ನು ನೋಡಿದಳು, ಬಯಲನ್ನು ನೋಡಿದಳು, ಕೊನೆಗೆ ಎಂಜಿನಿಯರ್ ಕಡೆ ತಿರುಗಿ ಅಂದಳು: "ಆಯ್ತು, ತೋರ್ಸಿ. ಆದ್ರೆ ಚಿಕ್ಕ ಜಾಗ ತೋರ್ಸಿ. ಇವತ್ತು ಎದ್ದವಕ್ಕೆ ಮಳೆ ಬರೋವರೆಗೂ ಯಾರಾದ್ರೂ ನೀರು ಹಾಕ್ಬೇಕಾಗುತ್ತೆ. ಅದು ನಾನೇ."

ಅವನು ಬಯಲಿನ ಆಚೆ ತುದಿಯಲ್ಲಿ ಕಾಲಿನಿಂದ ಗೆರೆ ಎಳೆದ. ಟ್ಯಾಂಕರ್ ಬಂತು, ಜೀಪೂ ಅಲ್ಲಿಗೆ ಹೋಯಿತು. ನೆಲ ನೆನೆದು ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಲ್ಲಿಯೂ ಎದ್ದವು. ಮೇಲಧಿಕಾರಿ ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು, ಮಳೆಗಾಲದ ಸಮೀಕ್ಷೆ ಆಗುವವರೆಗೆ ಒಂದು ಬುಟ್ಟಿ ಮಣ್ಣೂ ಬೀಳಕೂಡದು ಎಂದು ಬರೆದರು. ಸಮೀಕ್ಷೆಯ ನಂತರ ಕಂಪನಿ ನಿವೇಶನಗಳನ್ನು ದಿಬ್ಬದ ಕಡೆಗೆ ಸರಿಸಿತು. ಆ ತಗ್ಗು ಇವತ್ತಿಗೂ ತಗ್ಗಾಗಿಯೇ ಇದೆ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಇಲಾಖೆಗೆ ಮುಗಿದ ವಿಷಯ ಅವಳಿಗೆ ಆವತ್ತು ಶುರುವಾಗಿತ್ತು.

ರಜೆ ಹಾಕಿದಳು. ಎರಡೂ ಕಡೆ ಗೋಣಿಚೀಲ ಹಾಸಿ, ಬೆಳಿಗ್ಗೆ ಸಂಜೆ ನೆನೆಸುವುದು. ನಮ್ಮ ಕಡೆ ನಲ್ಲಿಯಲ್ಲೇ ನೀರು ಬರುತ್ತಿರಲಿಲ್ಲ. "ಮನೇಲಿ ಕುಡಿಯೋಕೆ ಗತಿಯಿಲ್ಲ, ಇವಳ ಮಕ್ಕಳಿಗೆ ಅಭ್ಯಂಜನ," ಎನ್ನುತ್ತಲೇ ತಾಯಿ ಪಾತ್ರೆ ತೊಳೆದ ನೀರನ್ನು ಬೇರೆ ಬಕೆಟ್ಟಿಗೆ ತುಂಬಿಡುತ್ತಿದ್ದರು. ಅವಳು ಅದನ್ನು ಮುಟ್ಟುತ್ತಿರಲಿಲ್ಲ. "ಸೋಪು ಇರುತ್ತಮ್ಮ, ಅವುಕ್ಕೆ ಚರ್ಮ ಉರಿಯುತ್ತೆ."

ಕೆಲವು ಮತ್ತೆ ಹಸಿಮಣ್ಣಿಗೆ ಇಳಿದವು. ಕೆಲವು ಇಳಿಯಲಿಲ್ಲ. ಒಂದು ಸಂಜೆ ಚೀಲ ಎತ್ತಿದಾಗ ನಾಲ್ಕೈದು ಸೆಟೆದು ಬಿದ್ದಿದ್ದವು. ಅವಳು ಅವನ್ನು ಒಂದೊಂದಾಗಿ ಅಂಗೈಗೆ ಆರಿಸಿಕೊಂಡಳು. "ಇವಕ್ಕೆ ಇನ್ನೊಂದು ಮಳೆ ಸಿಗ್ತಿತ್ತು," ಅಂದಳು. ಉಳಿದವಕ್ಕಾಗಿ ಇದು ಅಗತ್ಯವಿತ್ತಲ್ಲ ಎಂದು ನಾನು ಹೇಳಹೊರಟೆ. ಅವಳ ಮುಖ ನೋಡಿ ಕೊಡ ಎತ್ತಿಕೊಂಡೆ.

ಮಳೆ ಬಂದದ್ದು ಇನ್ನೇನು ಅವಳ ರಜೆ ಮುಗಿಯಿತು ಎನ್ನುವಾಗ, ಒಂದು ಸಂಜೆ, ಹೆಂಚು ಒಡೆಯುವ ರಭಸದಲ್ಲಿ. ನಾನು ಕೊಡೆ ಹಿಡಿದು ಅವಳ ಮನೆಗೆ ಓಡಿದೆ. ಅವಳು ಹೊಸ್ತಿಲಲ್ಲಿ ಚೌಕಟ್ಟು ಹಿಡಿದು ನಿಂತಿದ್ದಳು.

"ನಡಿಯೇ, ಹೋಗೋಣ."

"ನೀನು ಹೋಗಿ ನೋಡಿ ಬಾ. ಒಂದೂ ಉಳಿದಿಲ್ದೇ ಇದ್ರೆ? ನನಗೆ ಧೈರ್ಯ ಇಲ್ಲ ಕಣೇ."

ಹೋದೆ. ತಗ್ಗಿಗೆ ನಾಲ್ಕೂ ಕಡೆಯಿಂದ ನೀರು ಇಳಿಯುತ್ತಿತ್ತು. ಗೋಣಿಚೀಲಗಳು ತೇಲುತ್ತಿದ್ದವು. ಮೊದಲು ಮಳೆಯ ಸದ್ದು ಬಿಟ್ಟು ಏನೂ ಕೇಳಲಿಲ್ಲ. ಮಳೆ ಸ್ವಲ್ಪ ತಗ್ಗಿತು. ನಾವು ನೀರು ಹೊತ್ತು ಹಾಕಿದ ಮೂಲೆಯಿಂದ ಒಂದು ಒರಟು ಕೂಗು, ಅದಕ್ಕೆ ಉತ್ತರವಾಗಿ ಆಚೆ ತುದಿಯಿಂದ ಇನ್ನೊಂದು, ಆಮೇಲೆ ಇಡೀ ಬಯಲು. ನಾನು ಅವಳಿಗೆ ಫೋನು ಮಾಡಿದೆ. ಏನೂ ಹೇಳದೆ ಫೋನನ್ನು ತಗ್ಗಿನ ಕಡೆಗೆ ಹಿಡಿದು ನಿಂತೆ.

ಎಷ್ಟೋ ಹೊತ್ತಿನ ಮೇಲೆ ಕಿವಿಗೆ ಹಚ್ಚಿಕೊಂಡೆ. ಆ ಕಡೆ ಅವಳು ಮೂಗು ಒರೆಸಿಕೊಳ್ಳುವುದು ಕೇಳಿಸಿತು. ಆಮೇಲೆ ಅಂದಳು:

"ಸರಿ, ಕೇಳಿಸ್ತು. ನೀನು ಮೊದಲು ಮನೆಗೆ ಬಾ, ನೆನೆದು ಜ್ವರ ಬರಿಸ್ಕೋಬೇಡ. ಹೊರಡುವಾಗ ನಿಮ್ಮನೆ ಬಾಗಿಲಿಗೆ ಬೀಗ ಹಾಕಿದ್ದೆ ತಾನೇ?"

ಹಾಕಿರಲಿಲ್ಲ.